ಐವರಿ ಕೋಸ್ಟ್ ಬೀಜ, ಬೈಕಂಪಾಡಿ ತಿರುಳು: ಒಂದು ಕಂಟೈನರ್ ಗೋಡಂಬಿಯ ಮೂಲದೇಶ ನಿರ್ಣಯ

ಬೈಕಂಪಾಡಿ ಕೈಗಾರಿಕಾ ಪ್ರದೇಶದ ಮಧ್ಯಮ ಗಾತ್ರದ ಗೇರುಬೀಜ ಕಾರ್ಖಾನೆಯೊಂದಕ್ಕೆ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ) ಕೂಟದ ದೇಶವೊಂದರಿಂದ ಆರ್ಡರ್ ಬಂದಿದೆ. ಒಂದು ಇಪ್ಪತ್ತಡಿ ಕಂಟೈನರ್ ತುಂಬ ಡಬ್ಲ್ಯು 320 ದರ್ಜೆಯ, ಅಂದರೆ ಪೌಂಡಿಗೆ ಸುಮಾರು 320 ತೂಗುವ ಇಡೀ ಗೋಡಂಬಿ. 22.68 ಕೆಜಿಯ 700 ಪೆಟ್ಟಿಗೆ, ಒಟ್ಟು 15,876 ಕೆಜಿ. ಬೆಲೆ ಕುದುರಿದೆ. ಆದರೆ ಖರೀದಿದಾರರು ಒಂದು ಷರತ್ತು ಹಾಕಿದ್ದಾರೆ: ಭಾರತ–ಆಸಿಯಾನ್ ಒಪ್ಪಂದದ ಮೂಲ ಪ್ರಮಾಣಪತ್ರ, ಅಂದರೆ ಫಾರ್ಮ್ ಎಐ, ಸರಕಿನ ಜತೆಗೇ ಬರಬೇಕು. ಅದು ಕೈಯಲ್ಲಿದ್ದರೆ ಅವರಿಗೆ ಸುಂಕದಲ್ಲಿ ರಿಯಾಯಿತಿ. ಆ ಉಳಿತಾಯವನ್ನು ಎಣಿಸಿಕೊಂಡೇ ಅವರು ಈ ಬೆಲೆಗೆ ಒಪ್ಪಿದ್ದು.

ಕಾರ್ಖಾನೆಯ ಗೋದಾಮಿನಲ್ಲಿರುವ ಬೀಜದಲ್ಲಿ ದೊಡ್ಡ ಪಾಲು ಪಣಂಬೂರಿನ ನವಮಂಗಳೂರು ಬಂದರಿನ ಮೂಲಕ ಬಂದ, ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಬೀಜ. ಸ್ವಲ್ಪ ಊರಿನದ್ದು. ಆಡಳಿತ ಕಚೇರಿಯ ವಾದ ಸರಳವಾಗಿತ್ತು: ಬೀಜವನ್ನು ಆವಿಯಲ್ಲಿ ಬೇಯಿಸಿದ್ದು ಇಲ್ಲಿ, ಒಡೆದದ್ದು ಇಲ್ಲಿ, ಬೋರ್ಮಾದಲ್ಲಿ ಒಣಗಿಸಿದ್ದು, ಸಿಪ್ಪೆ ಸುಲಿದದ್ದು, ಗ್ರೇಡ್ ಮಾಡಿದ್ದು ಎಲ್ಲ ಇಲ್ಲಿಯೇ. ಹೋದದ್ದು ಚಿಪ್ಪಿನ ಬೀಜ, ಹೊರಬಂದದ್ದು ತಿರುಳು. ಹಾಗಾದರೆ ಇದು ಭಾರತದ ಸರಕಲ್ಲದೆ ಇನ್ನೇನು?

ಈ ವಾದ ಅರ್ಧ ಸರಿ. ಉಳಿದ ಅರ್ಧದಲ್ಲೇ ಪ್ರಮಾಣಪತ್ರ ಕೈತಪ್ಪುವುದು. ಇಲ್ಲಿರುವ ಕಾರ್ಖಾನೆ, ಬೆಲೆ ಮತ್ತು ಇಳುವರಿ ವಿವರಣೆಗಾಗಿ ಕಟ್ಟಿದ ಮಾದರಿ; ಇಂದಿನ ಪೇಟೆ ದರವೆಂದು ಓದಬಾರದು. ನಿಯಮಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಮೊದಲು ನೋಡಬೇಕಾದದ್ದು

ಪ್ರಮಾಣಪತ್ರ ನಿಜಕ್ಕೂ ಬೇಕೇ? ಹಲವು ದೇಶಗಳಲ್ಲಿ ಗೋಡಂಬಿ ತಿರುಳಿಗೆ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಸುಂಕವೇ ಸೊನ್ನೆ. ಅಂಥ ಕಡೆಗೆ ಹೋಗುವ ಸರಕಿಗೆ ರಿಯಾಯಿತಿ ಪ್ರಮಾಣಪತ್ರ ಮಾಡಿಸುವುದು ಸುಮ್ಮನೆ ಹೊಣೆ ಹೊತ್ತುಕೊಂಡಂತೆ. ಖರೀದಿದಾರರು ತಮ್ಮ ದೇಶದ ಸುಂಕ ಪಟ್ಟಿಯ ಪೂರ್ತಿ ಕೋಡ್, ಸಾಮಾನ್ಯ ದರ, ಒಪ್ಪಂದದ ದರ ಈ ಮೂರನ್ನೂ ಬರೆದು ಕಳಿಸಬೇಕು. ನಮ್ಮ ಪ್ರಕರಣದಲ್ಲಿ ಎರಡು ದರಗಳ ನಡುವೆ ವ್ಯತ್ಯಾಸವಿದೆ, ಆದ್ದರಿಂದ ಮುಂದುವರಿಯಬಹುದು.

ಎರಡು ಬಗೆಯ ಪ್ರಮಾಣಪತ್ರಗಳನ್ನು ಹೊಸಬರು ಆಗಾಗ ಒಂದೇ ಎಂದುಕೊಳ್ಳುತ್ತಾರೆ. ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯಂಥ ಛೇಂಬರ್‌ಗಳು ಕೊಡುವುದು ರಿಯಾಯಿತಿಯಿಲ್ಲದ ಸಾಮಾನ್ಯ ಪ್ರಮಾಣಪತ್ರ. ಬ್ಯಾಂಕಿನ ಎಲ್‌ಸಿ (ಪಾವತಿ ಖಾತರಿ ಪತ್ರ) ಷರತ್ತಿಗೆ, ಆಮದು ದೇಶದ ಸಾಮಾನ್ಯ ದಾಖಲೆಗೆ ಅದು ಸಾಕು. ಸುಂಕ ಒಂದು ಪೈಸೆಯೂ ಇಳಿಯುವುದಿಲ್ಲ. ಫಾರ್ಮ್ ಎಐ ಕೊಡುವುದು ಸರ್ಕಾರ ಗೊತ್ತುಪಡಿಸಿದ ರಫ್ತು ತಪಾಸಣಾ ಸಂಸ್ಥೆಯಂಥ ಅಧಿಕೃತ ಸಂಸ್ಥೆ. ಅರ್ಜಿ ಹೋಗುವುದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯ ಮೂಲಕ.

ನಿಯಮ ಕೇಳುವುದು ಮೂರು

ಭಾರತ–ಆಸಿಯಾನ್ ಸರಕು ಒಪ್ಪಂದಕ್ಕೆ 2009ರ ಆಗಸ್ಟ್ 13ರಂದು ಸಹಿ ಬಿತ್ತು. ಮಲೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ಗಳ ಜತೆ 2010ರ ಜನವರಿ 1ರಿಂದ ಜಾರಿಯಾಯಿತು. ಉಳಿದ ದೇಶಗಳು ಆಮೇಲೆ ಸೇರಿಕೊಂಡವು. ಹೊರಗಿನ ಕಚ್ಚಾವಸ್ತು ಬಳಸಿದ ಸರಕಿಗೆ ಅದರ ಸಾಮಾನ್ಯ ನಿಯಮ ಹೀಗಿದೆ. ಒಂದು, ಎಚ್‌ಎಸ್ ಕೋಡ್ (ಸರಕುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಖ್ಯೆ) ಆರು ಅಂಕಿಯ ಮಟ್ಟದಲ್ಲಿ ಬದಲಾಗಬೇಕು. ಎರಡು, ಎಫ್‌ಒಬಿ ಬೆಲೆಯಲ್ಲಿ (ಹಡಗು ಬಾಡಿಗೆ, ವಿಮೆ ಸೇರದ ರಫ್ತು ಬೆಲೆ) ಕನಿಷ್ಠ ಶೇ. 35 ಒಪ್ಪಂದದ ದೇಶಗಳೊಳಗಿನ ಮೌಲ್ಯವಾಗಿರಬೇಕು. ಮೂರು, ಕೊನೆಯ ತಯಾರಿಕಾ ಕೆಲಸ ರಫ್ತು ಮಾಡುವ ದೇಶದಲ್ಲಿ ನಡೆದಿರಬೇಕು. ಮೂರೂ ಒಟ್ಟಿಗೆ ಬೇಕು. ಒಂದು ತಪ್ಪಿದರೂ ಇಲ್ಲ.

ಮೂರನೆಯದಕ್ಕೆ ಇಲ್ಲಿ ತಕರಾರಿಲ್ಲ. ಕೋಡ್ ನೋಡಿದರೆ, ಚಿಪ್ಪಿನೊಳಗಿರುವ ಗೇರುಬೀಜ 0801.31, ಚಿಪ್ಪು ತೆಗೆದ ತಿರುಳು 0801.32. ಆರನೆಯ ಅಂಕಿ ಬದಲಾಯಿತು, ಷರತ್ತು ಈಡೇರಿತು. ಇದೇ ಸರಕನ್ನು ನಾಲ್ಕು ಅಂಕಿಯ ಬದಲಾವಣೆ ಕೇಳುವ ಒಪ್ಪಂದಕ್ಕೆ ಒಯ್ದರೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ, ಯಾಕೆಂದರೆ ಎರಡೂ 0801ರ ಒಳಗೇ ಇವೆ. ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾದ ಸಾಮಾನ್ಯ ನಿಯಮ ನಾಲ್ಕು ಅಂಕಿಯದ್ದು. ಒಂದು ಒಪ್ಪಂದದಲ್ಲಿ ಪಾಸಾದ ಕಡತದ ನಕಲು ತೆಗೆದು ಇನ್ನೊಂದಕ್ಕೆ ಹಾಕುವವರು ಎಡವುವುದು ಇಲ್ಲಿ.

ಕನಿಷ್ಠ ಕೆಲಸಗಳ ಪಟ್ಟಿಯನ್ನೂ ದಾಟಬೇಕು. ಒಣಗಿಸುವುದು, ಧೂಳು ಹಾರಿಸುವುದು, ಜರಡಿ, ವಿಂಗಡಣೆ, ಪ್ಯಾಕಿಂಗ್ ಬದಲಾವಣೆ, ಲೇಬಲ್ ಅಂಟಿಸುವುದು, ಇಷ್ಟೇ ಮಾಡಿದರೆ ಸರಕು ನಮ್ಮದಾಗುವುದಿಲ್ಲ. ಹೊರದೇಶದ ತಿರುಳು ತರಿಸಿ ಇಲ್ಲಿ ಗ್ರೇಡ್ ಮಾಡಿ ಹೊಸ ಪೆಟ್ಟಿಗೆಗೆ ತುಂಬಿದರೆ ಅದು ಈ ಪಟ್ಟಿಯೊಳಗೆ ಬೀಳುತ್ತದೆ. ಬೇಯಿಸಿ, ಒಡೆದು, ಬೋರ್ಮಾಕ್ಕೆ ಹಾಕಿ, ಸುಲಿದ ತಿರುಳು ಆಸಿಯಾನ್ ಪಟ್ಟಿಗೆ ಸಿಕ್ಕಿಬೀಳುವುದಿಲ್ಲ. ಆದರೆ ಎಲ್ಲ ಕಡೆ ಹೀಗಿಲ್ಲ: ಐರೋಪ್ಯ ಒಕ್ಕೂಟದ ಜಿಎಸ್‌ಪಿ (ಅಭಿವೃದ್ಧಿಶೀಲ ದೇಶಗಳಿಗೆ ಕೊಡುವ ಸುಂಕ ರಿಯಾಯಿತಿ) ನಿಯಮಗಳಲ್ಲಿ ಹಣ್ಣು, ಬೀಜ, ತರಕಾರಿಗಳ ಸಿಪ್ಪೆ ಮತ್ತು ಚಿಪ್ಪು ತೆಗೆಯುವುದನ್ನೇ ಸಾಲದ ಕೆಲಸವೆಂದು ಹೆಸರಿಸಿ ಬರೆದಿದ್ದಾರೆ. ನಮ್ಮ ಕರಾವಳಿಯಲ್ಲಿ ಸಾವಿರಾರು ಹೆಂಗಸರ ಕೈ ದುಡಿಯುವ ಕೆಲಸ ಅಲ್ಲಿನ ಲೆಕ್ಕಕ್ಕೆ ಕೆಲಸವೇ ಅಲ್ಲ.

ಉಳಿದದ್ದು ಶೇ. 35. ಗೋಡಂಬಿಯ ಮಟ್ಟಿಗೆ ಇಡೀ ಪ್ರಕರಣ ಇದೇ.

ನೂರು ಟನ್ ಬೀಜದ ಲೆಕ್ಕ

ಗೋಡಂಬಿ ಉದ್ಯಮದಲ್ಲಿ ಕಚ್ಚಾ ಬೀಜದ್ದೇ ಖರ್ಚಿನ ಸಿಂಹಪಾಲು. ಕೂಲಿ, ಉಗಿ, ವಿದ್ಯುತ್ತು, ಪ್ಯಾಕಿಂಗ್, ಲಾಭ ಎಲ್ಲ ಸೇರಿದರೂ ಅದರ ಮುಂದೆ ಸಣ್ಣದು. ಹಾಗಾಗಿ ಪೂರ್ತಿ ಆಫ್ರಿಕಾ ಬೀಜದಿಂದ ಮಾಡಿದ ತಿರುಳು ಶೇ. 35 ಮುಟ್ಟುವುದು ಕಷ್ಟ. ಮಾದರಿ ಲೆಕ್ಕ ನೋಡೋಣ.

100 ಟನ್ ಐವರಿ ಕೋಸ್ಟ್ ಬೀಜ, ಸಿಐಎಫ್ (ಹಡಗು ಬಾಡಿಗೆ, ವಿಮೆ ಸೇರಿದ ಬೆಲೆ) ಕೆಜಿಗೆ 130 ರೂಪಾಯಿ: 130 ಲಕ್ಷ.
ಒಟ್ಟು ತಿರುಳು ಶೇ. 24: 24,000 ಕೆಜಿ.
ಡಬ್ಲ್ಯು 320: 9,000 ಕೆಜಿ, ಎಫ್‌ಒಬಿ 720ರಂತೆ 64.8 ಲಕ್ಷ.
ಉಳಿದ ಇಡೀ ದರ್ಜೆಗಳು: 6,000 ಕೆಜಿ, ಸರಾಸರಿ 720ರಂತೆ 43.2 ಲಕ್ಷ.
ಹೋಳು ಮತ್ತು ತುಂಡು: 9,000 ಕೆಜಿ, ಸರಾಸರಿ 560ರಂತೆ 50.4 ಲಕ್ಷ.
ಚಿಪ್ಪು ಸುಮಾರು 68 ಟನ್ ಮತ್ತು ಒಳಸಿಪ್ಪೆ: ಸೇರಿ 6 ಲಕ್ಷ.
ಒಟ್ಟು ಮಾರಾಟ ಮೌಲ್ಯ: 164.4 ಲಕ್ಷ.

ಒಂದೇ ಬೀಜದಿಂದ ಇಡೀ ತಿರುಳು, ತುಂಡು, ಚಿಪ್ಪು ಎಲ್ಲ ಒಟ್ಟಿಗೆ ಹುಟ್ಟುತ್ತವೆ. ಹಾಗಾದರೆ ಡಬ್ಲ್ಯು 320ರ ತಲೆಗೆ 130 ಲಕ್ಷದಲ್ಲಿ ಎಷ್ಟು ಕಟ್ಟಬೇಕು? ಮಾರಾಟ ಮೌಲ್ಯದ ಪ್ರಕಾರ ಹಂಚಿದರೆ ಪ್ರತಿ ಉತ್ಪನ್ನಕ್ಕೂ ಒಂದೇ ಅನುಪಾತ: 130 ಭಾಗಿಸು 164.4, ಅಂದರೆ ಶೇ. 79.1 ಹೊರಗಿನ ಮೌಲ್ಯ. ನಮ್ಮ ಪಾಲು ಶೇ. 20.9. ಅನುತ್ತೀರ್ಣ. ತಿರುಳಿನ ತೂಕದ ಪ್ರಕಾರ ಹಂಚಿದರೆ ಕೆಜಿಗೆ 541.67 ರೂಪಾಯಿ ಬೀಜದ ಖರ್ಚು. ಡಬ್ಲ್ಯು 320ಕ್ಕೆ ಹೊರಗಿನದ್ದು ಶೇ. 75.2, ನಮ್ಮದು ಶೇ. 24.8. ಆಗಲೂ ಅನುತ್ತೀರ್ಣ.

ಇಲ್ಲಿಗೆ ಒಂದು ಜಾಣ ಲೆಕ್ಕ ಬರುವುದುಂಟು. ಚಿಪ್ಪನ್ನೂ ತೂಕಕ್ಕೆ ಸೇರಿಸಿ, 68 ಟನ್ ಚಿಪ್ಪು, 24 ಟನ್ ತಿರುಳು, ಒಟ್ಟು 92 ಟನ್‌ಗೆ 130 ಲಕ್ಷ ಹಂಚು ಎನ್ನುತ್ತಾರೆ. ಆಗ ಕೆಜಿಗೆ ಬೀಜದ ಖರ್ಚು 141 ರೂಪಾಯಿಗೆ ಇಳಿಯುತ್ತದೆ, ಡಬ್ಲ್ಯು 320ರ ನಮ್ಮ ಪಾಲು ಶೇ. 80 ದಾಟುತ್ತದೆ. ಕಾಗದದ ಮೇಲೆ ಅದ್ಭುತ. ಆದರೆ ಕೆಜಿಗೆ ಎಂಟೊಂಬತ್ತು ರೂಪಾಯಿಗೆ ಮಾರಿದ ಚಿಪ್ಪಿನ ತಲೆಗೆ 141 ರೂಪಾಯಿ ಖರ್ಚು ಕಟ್ಟಿದ ಲೆಕ್ಕವನ್ನು ಯಾವ ಪರಿಶೀಲನಾ ಅಧಿಕಾರಿಯೂ ಒಪ್ಪುವುದಿಲ್ಲ. ಕಾರ್ಖಾನೆಯ ಸ್ವಂತ ಲೆಕ್ಕಪುಸ್ತಕದಲ್ಲೇ ಬೇರೆ ಪದ್ಧತಿ ಇರುತ್ತದೆ. ಸುಂಕದ ಕಡತಕ್ಕೊಂದು ಪದ್ಧತಿ, ಆಡಿಟ್‌ಗೊಂದು ಪದ್ಧತಿ ಇಟ್ಟರೆ ಅದು ತಪ್ಪು ಘೋಷಣೆಯಾಗುತ್ತದೆ. ಮಾರಾಟ ಮೌಲ್ಯದ ಹಂಚಿಕೆಯೇ ಇಲ್ಲಿ ಗಟ್ಟಿ. ಅದನ್ನೇ ಹಿಡಿಯಬೇಕು, ವರ್ಷವಿಡೀ ಹಿಡಿಯಬೇಕು.

ಭಾಜಕದಲ್ಲೂ ತಪ್ಪು ನುಸುಳುತ್ತದೆ. ಇನ್‌ವಾಯ್ಸ್ ಸಿಐಎಫ್ ದರದಲ್ಲಿದ್ದರೆ ಹಡಗು ಬಾಡಿಗೆ, ವಿಮೆ ಕಳೆದು ಎಫ್‌ಒಬಿಗೆ ಇಳಿಸಿಯೇ ಲೆಕ್ಕ ಮಾಡಬೇಕು. ಹೊರಗಿನ ಬೀಜಕ್ಕೆ ಹಿಡಿಯಬೇಕಾದ್ದು ಆಮದಿನ ಹೊತ್ತಿನ ಸಿಐಎಫ್ ಮೌಲ್ಯ, ಅಂದರೆ ಬಿಲ್ ಆಫ್ ಎಂಟ್ರಿಯಲ್ಲಿ (ಆಮದು ಘೋಷಣೆಯಲ್ಲಿ) ಆ ದಿನದ ಅಧಿಸೂಚಿತ ವಿನಿಮಯ ದರದಲ್ಲಿ ಬಂದ ರೂಪಾಯಿ. ನಾವು ಕಟ್ಟಿದ ಸುಂಕ, ಪಣಂಬೂರಿನಿಂದ ಗೋದಾಮಿಗೆ ಲಾರಿ ಬಾಡಿಗೆ ಅದರಲ್ಲಿ ಸೇರುವುದಿಲ್ಲ. ಆದರೆ ಸ್ವತಃ ಆಮದು ಮಾಡದೆ ಬಂದರಿನ ಆಮದುದಾರರಿಂದ ಇಲ್ಲೇ ಕೊಂಡರೆ ಅವರ ಸಿಐಎಫ್ ಕಾಗದ ನಮ್ಮ ಕೈಗೆ ಬರುವುದು ಅಪರೂಪ. ಆಗ ನಾವು ಕೊಟ್ಟ ಬೆಲೆಯೇ ಹೊರಗಿನ ಮೌಲ್ಯ. ಅವರ ಲಾಭ, ಸುಂಕ, ಬಾಡಿಗೆ ಎಲ್ಲ ಅದರೊಳಗೆ. ಅದೇ ಬೀಜ ಕಾಗದದ ಮೇಲೆ ಹೆಚ್ಚು ವಿದೇಶಿಯಾಗುತ್ತದೆ.

ಊರಿನ ಬೀಜ ಎಷ್ಟು ಸೇರಬೇಕು

ಹೊರಗಿನ ಮೌಲ್ಯ ಎಫ್‌ಒಬಿಯ ಶೇ. 65 ದಾಟಬಾರದು. 164.4 ಲಕ್ಷದ ಶೇ. 65 ಅಂದರೆ 106.86 ಲಕ್ಷ. ಕೆಜಿಗೆ 130ರ ಬೀಜದಲ್ಲಿ ಅದು 82.2 ಟನ್. ಇಳುವರಿಯೂ ದರ್ಜೆಯೂ ಒಂದೇ ಎಂದು ಹಿಡಿದರೆ, ನೂರು ಟನ್‌ಗೆ 18 ಟನ್ ಊರಿನ ಬೀಜ ಬೆರೆತರೆ ಗಡಿ ದಾಟಬಹುದು. ಗಡಿಯ ಮೇಲೆ ನಿಲ್ಲುವುದು ಮಾತ್ರ ಸಲ್ಲ. ಕಾರ್ಖಾನೆ 75 ಮತ್ತು 25ರ ಅನುಪಾತ ಆರಿಸಿತು: ಹೊರಗಿನದ್ದು 97.5 ಲಕ್ಷ, ಶೇ. 59.3, ನಮ್ಮದು ಶೇ. 40.7.

5.7 ಅಂಶದ ಅಂತರ ಧಾರಾಳ ಎನಿಸುತ್ತದೆ. ಅಷ್ಟೇನಿಲ್ಲ. ತಿರುಳಿನ ಬೆಲೆ ಇದ್ದಲ್ಲೇ ಇದ್ದು ಬೀಜದ ಸಿಐಎಫ್ 150ಕ್ಕೆ ಏರಿದರೆ 75 ಟನ್‌ಗೆ 112.5 ಲಕ್ಷ, ಶೇ. 68.4, ಪ್ರಮಾಣಪತ್ರ ಇಲ್ಲ. ಸಿಐಎಫ್ ಅದೇ 130 ಇದ್ದು, ಬೀಜವನ್ನು ಸ್ಥಳೀಯ ಆಮದುದಾರರಿಂದ 142ಕ್ಕೆ ಕೊಂಡಿದ್ದರೆ 106.5 ಲಕ್ಷ, ಶೇ. 64.8: ಕೂದಲೆಳೆಯಲ್ಲಿ ಪಾಸು. ಹೀಗಾಗಿ ಹಳೆಯ ಸಾಗಣೆಯ ಶೇಕಡಾವಾರನ್ನು ಹೊಸದಕ್ಕೆ ಬರೆಯುವಂತಿಲ್ಲ. ಪ್ರತಿ ಕಂಟೈನರ್‌ಗೂ ಹೊಸ ಲೆಕ್ಕ.

ಪ್ರಮಾಣವನ್ನೂ ನೋಡಿ. ನೂರು ಟನ್ ಬೀಜದಿಂದ ಡಬ್ಲ್ಯು 320 ಸಿಗುವುದು 9,000 ಕೆಜಿ. 15,876 ಕೆಜಿ ಬೇಕಾದರೆ 176.4 ಟನ್ ಬೀಜ ಒಡೆಯಬೇಕು, 80 ಕೆಜಿಯ 2,205 ಚೀಲ. ಅದರಲ್ಲಿ ಊರಿನದ್ದು 44.1 ಟನ್, ಸುಮಾರು 551 ಚೀಲ. ಇದ್ದಬದ್ದ ಊರಿನ ಬೀಜದ ಮೌಲ್ಯವನ್ನೆಲ್ಲ ಡಬ್ಲ್ಯು 320ಕ್ಕೆ ಮಾತ್ರ ಕಟ್ಟಿ, ತುಂಡನ್ನೆಲ್ಲ ಆಫ್ರಿಕಾದ್ದೆಂದು ಬರೆದರೆ ಕಡಿಮೆ ಚೀಲ ಸಾಕಾಗುತ್ತದಲ್ಲ ಎಂಬ ಪ್ರಶ್ನೆ ಏಳುತ್ತದೆ. ಸಾಧ್ಯವಿಲ್ಲ. ಊರಿನ ಬೀಜ ಒಡೆದರೂ ತುಂಡು ಬೀಳುತ್ತದೆ. ಅದರ ಪಾಲು ತುಂಡಿಗೂ ಹೋಗಲೇಬೇಕು.

125 ಚೀಲದ ಚೀಟಿ

ಕಡತ ಇಲ್ಲಿಯವರೆಗೆ ಬಂದಾಗ ಊರಿನ ಬೀಜದ ಖರೀದಿ ದಾಖಲೆಗಳನ್ನು ಮೇಜಿನ ಮೇಲೆ ಹರಡಲಾಯಿತು. ಸಾಮಾನ್ಯವಾಗಿ ಯಾರೂ ಬಿಚ್ಚಿ ನೋಡದ ಕಟ್ಟು ಇದು. ಪ್ರಕರಣ ತಿರುಗಿದ್ದು ಇಲ್ಲಿ.

ಮೊದಲ 25 ಟನ್‌ನಲ್ಲಿ 15 ಟನ್‌ಗೆ ಸರಿಯಾದ ಕಾಗದವಿತ್ತು. ಉಳಿದ 10 ಟನ್‌ಗೆ ಇದ್ದದ್ದು ಒಂದೇ ಚೀಟಿ. ಗುಲಾಬಿ ಬಣ್ಣದ ಕಾರ್ಬನ್ ಪ್ರತಿ. ಮೇಲೆ ತಾರೀಕು, ನಡುವೆ ‘ಬೀಜ 125 ಚೀಲ, 10,000 ಕೆಜಿ, ದರ 135’, ಕೆಳಗೆ ಸಹಿ. ಬೆಳೆದವರ ಹೆಸರಿಲ್ಲ, ಗ್ರಾಮದ ಹೆಸರಿಲ್ಲ. ವ್ಯಾಪಾರಿಯನ್ನು ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತು: “ಎಲ್ಲ ಊರಿನ ಬೀಜವೇ ಮಾರಾಯ್ರೆ, ಕಾರ್ಕಳ, ಬೆಳ್ತಂಗಡಿ ಕಡೆಯದ್ದು.” ಇರಬಹುದು. ಆದರೆ ಅದೇ ವ್ಯಾಪಾರಿ ಬಂದರಿನ ಬೀಜವನ್ನೂ ಮಾರುತ್ತಾರೆ. ಚೀಲ ಬಿಚ್ಚಿ ಗಾತ್ರ, ಬಣ್ಣ ನೋಡಿ ಅನುಭವಿಗಳು ಅಂದಾಜು ಹೇಳಿಯಾರು. ಆ ಅಂದಾಜು ದಾಖಲೆಯಾಗುವುದಿಲ್ಲ.

ಒಪ್ಪಂದದ ಸೂತ್ರದಲ್ಲಿ ಹೊರದೇಶದ ವಸ್ತುವಿನ ಪಕ್ಕದಲ್ಲೇ ಇನ್ನೊಂದು ಪದ ಇದೆ: ಮೂಲ ಗೊತ್ತಾಗದ ವಸ್ತು. ಅದೂ ಹೊರಗಿನ ಲೆಕ್ಕಕ್ಕೇ ಸೇರಬೇಕು. ಸಂಶಯದ ಲಾಭ ರಫ್ತುದಾರನಿಗೆ ಸಿಗುವುದಿಲ್ಲ. ಹಾಗಾಗಿ ಆ ಹತ್ತು ಟನ್, ಕೊಂಡ ಬೆಲೆ 13.5 ಲಕ್ಷ, 97.5ರ ಜತೆ ಕೂಡಿತು. 111 ಲಕ್ಷ, ಶೇ. 67.5. ಒಂದು ಚೀಟಿಯಿಂದ ಶೇ. 40.7 ಇದ್ದ ನಮ್ಮ ಪಾಲು ಶೇ. 32.5ಕ್ಕೆ ಇಳಿಯಿತು. ಬೀಜ ನಿಜಕ್ಕೂ ಬೆಳ್ತಂಗಡಿಯ ಗುಡ್ಡದ್ದೇ ಆಗಿದ್ದರೂ ಅಷ್ಟೇ.

ಹಾಗಾದರೆ ಸರಿಯಾದ ಕಾಗದ ಯಾವುದು? ಬೆಳೆಗಾರರಿಂದ ನೇರವಾಗಿ ಕೊಂಡ ಬೀಜಕ್ಕೆ ಅರ್ಧ ಕೆಲಸವನ್ನು ಜಿಎಸ್‌ಟಿಯೇ ಮಾಡಿಕೊಟ್ಟಿದೆ. ಸುಲಿಯದ ಗೇರುಬೀಜವನ್ನು ಕೃಷಿಕರಿಂದ ನೋಂದಾಯಿತ ಘಟಕ ಕೊಂಡರೆ ತೆರಿಗೆ ಹೊಣೆ ಕೊಂಡವರ ಮೇಲೆ. ಅದಕ್ಕಾಗಿ ಕಾರ್ಖಾನೆ ಸ್ವತಃ ಇನ್‌ವಾಯ್ಸ್ ಬರೆಯಬೇಕು. ಬೆಳೆಗಾರರ ಹೆಸರು, ವಿಳಾಸ, ತೂಕ, ದರ, ತಾರೀಕು ಅದರಲ್ಲೇ ಇರುತ್ತದೆ. ಅದಕ್ಕೆ ಸರ್ವೆ ನಂಬರ್ ಇರುವ ಆರ್‌ಟಿಸಿ ಪ್ರತಿ ಮತ್ತು ‘ನನ್ನ ತೋಟದ ಬೆಳೆ’ ಎಂಬ ಒಂದು ಸಾಲಿನ ಸಹಿ ಮಾಡಿದ ಹೇಳಿಕೆ ಸೇರಿಸಿದರೆ ಸರಪಳಿ ಪೂರ್ಣ. ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳ ಫಸಲನ್ನು ಹರಾಜಿನಲ್ಲಿ ಹಿಡಿದವರಿಂದ ಕೊಂಡರೆ ಹರಾಜಿನ ಆದೇಶದ ಪ್ರತಿಯನ್ನೂ ಅವರ ಮಾರಾಟ ಬಿಲ್ಲನ್ನೂ ಜೋಡಿಸಬೇಕು. ದೊಡ್ಡ ಪ್ರಮಾಣಕ್ಕೆ ಇದೇ ಅನುಕೂಲ: ಒಂದೇ ತೋಪು, ಒಂದೇ ಕಡತ. ವ್ಯಾಪಾರಿ ಮೂಲಕ ಕೊಳ್ಳಲೇಬೇಕಾದರೆ ಪ್ರತಿ ಲೋಡಿಗೂ ಬೆಳೆಗಾರರ ಪಟ್ಟಿ ಇಲ್ಲದೆ ಹಣ ಬಿಡುಗಡೆ ಮಾಡಬಾರದು. ಹಣ ಕೊಟ್ಟ ಮೇಲೆ ಪಟ್ಟಿ ಬರುವುದಿಲ್ಲ.

ಆ 125 ಚೀಲಕ್ಕೆ ಹಿಂದಿನ ತಾರೀಕು ಹಾಕಿ ಪಟ್ಟಿ ಮಾಡಿಸುವ ಸಲಹೆಯೂ ಬಂತು. ಪರಿಶೀಲನೆ ಬಂದಾಗ ಪಟ್ಟಿಯಲ್ಲಿದ್ದ ಹೆಸರಿನವರನ್ನು ಕೇಳಿದರೆ ಸಾಕು, ಇಡೀ ಕಾರ್ಖಾನೆಯ ಎಲ್ಲ ಪ್ರಮಾಣಪತ್ರಗಳ ಮೇಲೂ ಕಣ್ಣು ಬೀಳುತ್ತದೆ. ಕೊನೆಗೆ ದಂಡ ಕಟ್ಟುವುದು ದೂರದ ಖರೀದಿದಾರ, ಮತ್ತೆ ಅವರು ಈ ಕಡೆ ತಲೆ ಹಾಕುವುದಿಲ್ಲ. ಕಾರ್ಖಾನೆ ಆ ಹತ್ತು ಟನ್ನನ್ನು ದೇಶೀ ಮಾರುಕಟ್ಟೆಯ ಲಾಟ್‌ಗೆ ತಿರುಗಿಸಿ, ನಿಗಮದ ತೋಪಿನ ಫಸಲಿನಿಂದ ಕೊರತೆ ತುಂಬಿಕೊಂಡಿತು. ನಮ್ಮ ಅಭಿಪ್ರಾಯದಲ್ಲಿ ಅದೊಂದೇ ಸರಿಯಾದ ದಾರಿ.

ಗೋದಾಮಿನಿಂದ ಗ್ರೇಡಿಂಗ್ ಹಾಲ್‌ವರೆಗೆ

ಬೀಜ ಬಂದ ದಿನವೇ ಲಾಟ್ ಕಾರ್ಡ್ ಬರೆಯಬೇಕು: ಲಾಟ್ ನಂಬರ್, ಮೂಲ, ಚೀಲ, ತೂಕ, ತೇವಾಂಶ, 80 ಕೆಜಿಗೆ ಎಷ್ಟು ಪೌಂಡ್ ಔಟ್‌ಟರ್ನ್ (ತಿರುಳಿನ ಇಳುವರಿ), ಖರೀದಿ ದಾಖಲೆಯ ನಂಬರ್, ಅಟ್ಟಿ ಇರುವ ಜಾಗ. ಬಾಯ್ಲರ್‌ಗೆ ಹೋದಾಗ ಅದೇ ಕಾರ್ಡಿನಲ್ಲಿ ಕಳೆಯಬೇಕು. ಕಟಿಂಗ್, ಬೋರ್ಮಾ ತನಕ ಲಾಟ್ ಗುರುತು ಉಳಿಯುತ್ತದೆ. ಕಳೆದುಹೋಗುವುದು ಗ್ರೇಡಿಂಗ್ ಹಾಲ್‌ನಲ್ಲಿ. ಮೂರು ನಾಲ್ಕು ದಿನಗಳ ತಿರುಳು ಒಂದೇ ಮೇಜಿಗೆ ಸುರಿದು ಡಬ್ಲ್ಯು 320 ಎಂದು ಟ್ರೇ ತುಂಬಿದ ಮೇಲೆ ಯಾವುದು ಎಲ್ಲಿಯದ್ದೆಂದು ಯಾರೂ ಹೇಳಲಾರರು.

ಅದಕ್ಕೆ ಒಪ್ಪಂದವೇ ದಾರಿ ಕೊಟ್ಟಿದೆ. ಒಂದರ ಬದಲು ಒಂದು ಬಳಸಬಹುದಾದ, ಬೆರೆತುಹೋದ ವಸ್ತುಗಳ ಮೂಲವನ್ನು ರಫ್ತು ದೇಶದಲ್ಲಿ ರೂಢಿಯಲ್ಲಿರುವ ದಾಸ್ತಾನು ಲೆಕ್ಕ ಪದ್ಧತಿಯಿಂದ ನಿರ್ಧರಿಸಬಹುದು. ಸರಾಸರಿ ಪದ್ಧತಿಯಾದರೆ ಸರಾಸರಿ, ಮೊದಲು ಬಂದದ್ದು ಮೊದಲು ಹೋಯಿತು ಎಂಬುದಾದರೆ ಅದು. ಆರಿಸಿದ್ದನ್ನು ಬದಲಿಸಬಾರದು, ಆರಂಭದ ದಾಸ್ತಾನು ಬರೆದಿಟ್ಟಿರಬೇಕು. ಮುಖ್ಯವಾಗಿ, ಒಂದು ಪ್ರಮಾಣಪತ್ರಕ್ಕೆ ಬಳಸಿದ ಊರಿನ ಬೀಜ ಪುಸ್ತಕದಿಂದ ಕಳೆಯಬೇಕು. ಅದೇ 44 ಟನ್ ಬೀಜ ಎರಡು ಕಂಟೈನರ್‌ಗಳ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದು ಈ ವ್ಯವಹಾರದ ಅತಿ ಕೆಟ್ಟ ತಪ್ಪು.

ಕಾಲದ ಪ್ರಶ್ನೆಯೂ ಇದೆ. ಕರಾವಳಿಯ ಬೀಜ ಪೇಟೆಗೆ ಬರುವುದು ಮುಖ್ಯವಾಗಿ ಮಾರ್ಚ್‌ನಿಂದ ಮೇ ತನಕ. ನವೆಂಬರ್‌ನಲ್ಲಿ ಬರುವ ಆರ್ಡರ್‌ಗೆ ಏಪ್ರಿಲ್‌ನಲ್ಲೇ ಬೀಜ ಒಣಗಿಸಿ ಇಟ್ಟಿರಬೇಕು. ಇಡದಿದ್ದವರಿಗೆ ಇನ್ನೊಂದು ದಾರಿ ಒಪ್ಪಂದದ ಸಂಚಯ ನಿಯಮ: ಆಸಿಯಾನ್ ದೇಶದ್ದೇ ಆದ ಬೀಜ, ಉದಾಹರಣೆಗೆ ಕಾಂಬೋಡಿಯಾ ಅಥವಾ ಇಂಡೊನೇಷ್ಯಾದ್ದು, ಅಲ್ಲಿಯ ಫಾರ್ಮ್ ಎಐ ಜತೆ ಬಂದರೆ ನಮ್ಮ ಬೀಜದಂತೆಯೇ ಎಣಿಕೆಯಾಗುತ್ತದೆ. ಇಂಡೊನೇಷ್ಯಾದ ಕೊಯ್ಲು ವರ್ಷದ ಕೊನೆಯ ತಿಂಗಳುಗಳಲ್ಲಿ ಬರುವುದು ಇಲ್ಲಿ ಅನುಕೂಲ. ಆ ಬೀಜಕ್ಕೆ ಇಲ್ಲಿ ರಿಯಾಯಿತಿ ಸುಂಕ ಕೇಳಿದರೆ ಕಸ್ಟಮ್ಸ್ ಕಾಯ್ದೆಯ 28ಡಿಎ ಕಲಮು ಮತ್ತು 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ಕಾರೋಟಾರ್ ನಿಯಮ (ಒಪ್ಪಂದದಡಿ ಬರುವ ಆಮದಿನ ಮೂಲ ಪರಿಶೀಲನೆಯ ನಿಯಮ) ಅನ್ವಯಿಸುತ್ತವೆ. ಫಾರ್ಮ್ 1ರ ಮಾಹಿತಿ ಆಮದಿಗೆ ಮೊದಲೇ ಕೈಯಲ್ಲಿರಬೇಕು, ಐದು ವರ್ಷ ಇಡಬೇಕು, ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳೊಳಗೆ ಕೊಡಬೇಕು. ಅದೇ ಕಡತ ರಫ್ತಿಗೂ ಪುರಾವೆಯಾಗುತ್ತದೆ.

ಆಫ್ರಿಕಾದ ರಿಯಾಯಿತಿಯನ್ನು ಇದರೊಂದಿಗೆ ಬೆರೆಸಬಾರದು. ಕಡಿಮೆ ಅಭಿವೃದ್ಧಿಯ ದೇಶಗಳಿಗೆ ಭಾರತ 2008ರಲ್ಲಿ ಪ್ರಕಟಿಸಿದ ಸುಂಕ ರಿಯಾಯಿತಿ ಯೋಜನೆಯಲ್ಲಿ ಗೇರುಬೀಜವನ್ನು ಹೆಸರಿಸಿಯೇ ಸೇರಿಸಲಾಗಿತ್ತು. ಟಾಂಜಾನಿಯಾದ ಬೀಜ ಆ ದಾರಿಯಲ್ಲಿ ಬಂದರೂ ಫಾರ್ಮ್ ಎಐ ಲೆಕ್ಕದಲ್ಲಿ ಅದು ಪೂರ್ತಿ ಹೊರಗಿನದ್ದೇ. ಸುಂಕ ಕಡಿಮೆ ಕಟ್ಟಿದ ಮಾತ್ರಕ್ಕೆ ಬೀಜ ನಮ್ಮದಾಗುವುದಿಲ್ಲ.

ಅರ್ಜಿ, ಹಡಗು, ಉಳಿದ ದಾಸ್ತಾನು

ಸಲ್ಲಿಸಿದ ವೆಚ್ಚಪಟ್ಟಿಯ ಸಾರ ಇಷ್ಟು: ಎಫ್‌ಒಬಿ 1,14,30,720 ರೂಪಾಯಿ; ಹೊರಗಿನ ಬೀಜದ ಪಾಲು ಸುಮಾರು 67.79 ಲಕ್ಷ, ಒಪ್ಪಂದದೊಳಗಿನ ಮೌಲ್ಯ ಶೇ. 40.7, ಕೋಡ್ 0801.31ರಿಂದ 0801.32ಕ್ಕೆ. ವೆಚ್ಚ ಲೆಕ್ಕಿಗರ ಸಹಿ, ಬಿಲ್ ಆಫ್ ಎಂಟ್ರಿಗಳು, ಊರಿನ ಬೀಜದ ಕಡತ, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ ಜತೆಗೆ. ಪೂರ್ತಿ ಊರಿನ ಬೀಜದ ಲಾಟ್ ಆಗಿದ್ದರೆ ಶೇಕಡಾವಾರಿನ ಬದಲು ‘ಪೂರ್ಣವಾಗಿ ಇಲ್ಲೇ ಪಡೆದದ್ದು’ ಎಂಬ ಆಧಾರದಲ್ಲಿ ಕೇಳಬಹುದಿತ್ತು. ಅದಕ್ಕೆ 176 ಟನ್ ಊರಿನ ಬೀಜ ಬೇಕು, ಈ ಗಾತ್ರದ ಘಟಕಕ್ಕೆ ಒಂದು ಆರ್ಡರ್‌ಗೆ ಅಷ್ಟು ಎತ್ತಿಡುವುದು ಕಷ್ಟ.

ಪ್ರಮಾಣಪತ್ರ ರಫ್ತಿನ ಹೊತ್ತಿಗೆ ಅಥವಾ ಹಡಗು ಹೊರಟು ಮೂರು ಕೆಲಸದ ದಿನಗಳೊಳಗೆ ಆಗಬೇಕು. ತಪ್ಪಿದರೆ ಹನ್ನೆರಡು ತಿಂಗಳೊಳಗೆ, ಹಿಂದಿನ ಸಾಗಣೆಗೆ ಕೊಟ್ಟದ್ದು ಎಂಬ ಮುದ್ರೆಯೊಂದಿಗೆ ಪಡೆಯಬಹುದು. ಆದರೆ ಆ ಮುದ್ರೆ ಕಂಡರೆ ಆಮದು ಕಸ್ಟಮ್ಸ್ ಇನ್ನಷ್ಟು ಹತ್ತಿರದಿಂದ ನೋಡುತ್ತದೆ.

ಮಂಗಳೂರಿನಿಂದ ಹೊರಟ ಕಂಟೈನರ್ ಕೊಲಂಬೊದಲ್ಲಿ ಹಡಗು ಬದಲಿಸುವುದು ಸಾಮಾನ್ಯ. ಶ್ರೀಲಂಕಾ ಈ ಒಪ್ಪಂದದಲ್ಲಿಲ್ಲ. ಹಾದುಹೋಗಲು ಅಡ್ಡಿಯಿಲ್ಲ, ಷರತ್ತಿದೆ: ಸಾಗಣೆಯ ಅನಿವಾರ್ಯತೆ ಇರಬೇಕು, ಅಲ್ಲಿ ಸರಕು ವ್ಯಾಪಾರಕ್ಕೆ ಇಳಿಯಬಾರದು, ಇಳಿಸಿ ಏರಿಸುವುದು ಮತ್ತು ಕೆಡದಂತೆ ಇಡುವುದು ಬಿಟ್ಟು ಬೇರೇನೂ ಮಾಡಬಾರದು. ನವಮಂಗಳೂರಿನಿಂದ ಕೊನೆಯ ಬಂದರಿನ ತನಕ ಒಂದೇ ಬಿಲ್ ಆಫ್ ಲೇಡಿಂಗ್ (ಹಡಗು ಸಾಗಣೆಯ ರಸೀದಿ) ಇದ್ದರೆ ಪ್ರಶ್ನೆ ಏಳುವುದಿಲ್ಲ. ಬಾಡಿಗೆ ಉಳಿಸಲು ಕೊಲಂಬೊ ತನಕ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಬಿಲ್ ಮಾಡಿಸಿದರೆ ಶೇ. 40.7ರ ಲೆಕ್ಕ ಎಷ್ಟೇ ಗಟ್ಟಿಯಿದ್ದರೂ ರಿಯಾಯಿತಿ ನಿಲ್ಲಬಹುದು. ಬುಕಿಂಗ್ ಮಾಡುವ ದಿನವೇ ಕ್ಲಿಯರಿಂಗ್ ಏಜೆಂಟರಿಗೆ ಇದನ್ನು ಬರೆದು ತಿಳಿಸಬೇಕು.

ಹುರಿದು ಉಪ್ಪು ಹಾಕಿ ಕಳಿಸಿದರೆ ಕೋಡ್ 2008.19ಕ್ಕೆ ಹೋಗುತ್ತದೆ, ಅಧ್ಯಾಯವೇ ಬದಲಾಗುತ್ತದೆ. ನಾಲ್ಕು ಅಂಕಿಯ ಬದಲಾವಣೆ ಕೇಳುವ ಒಪ್ಪಂದಗಳಲ್ಲಿ ಇದು ಬಾಗಿಲು ತೆರೆಯಬಹುದು. ಮೌಲ್ಯದ ಷರತ್ತು ಇದ್ದಲ್ಲಿ ಅದನ್ನು ಬೇರೆಯಾಗಿಯೇ ದಾಟಬೇಕು. ಬೈಕಂಪಾಡಿಯ ಈ ಘಟಕಕ್ಕೆ ಹುರಿಯುವ ಲೈನ್ ಇಲ್ಲ, ಆದ್ದರಿಂದ ಇಲ್ಲಿ ಅದು ಪ್ರಶ್ನೆಯಾಗಲಿಲ್ಲ.

ಕಾಗದವಿದ್ದ ಊರಿನ ಬೀಜ ಒಟ್ಟು 50 ಟನ್ ಇತ್ತು. 44.1 ಟನ್ನನ್ನು ಪ್ರಮಾಣಪತ್ರದ ನಂಬರ್ ಸಮೇತ ದಾಸ್ತಾನು ಪುಸ್ತಕದಿಂದ ಕಳೆದ ಮೇಲೆ ಉಳಿದದ್ದು 5.9 ಟನ್. ಅದೇ ಖರೀದಿದಾರರು ಇನ್ನೊಂದು ಕಂಟೈನರ್‌ಗೆ ದರ ಕೇಳಿದ್ದಾರೆ. ಕಾರ್ಖಾನೆ ಎರಡು ದರ ಬರೆದು ಕಳಿಸಿದೆ: ಈಗಲೇ ಬೇಕಾದರೆ ಫಾರ್ಮ್ ಎಐ ಇಲ್ಲದ ದರ, ಫಾರ್ಮ್ ಎಐ ಬೇಕೇ ಬೇಕೆಂದರೆ ಮೇ ನಂತರದ ಸಾಗಣೆ.